‘ಅರ್ಜಿ ಸರಿಯಿಲ್ಲ’ ಎಂದರೆ ಸಾಕೇ?

ಕಂಪ್ಯೂಟರಿನ ಗಡಿಯಾರ ಇಪ್ಪತ್ತು ನಿಮಿಷ ಹಿಂದೆ ಬಿದ್ದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಓಡುತ್ತಿರುವ ಪ್ರೋಗ್ರಾಂ ಅಮೆಜಾನಿನ ಎಸ್3 ಸಂಗ್ರಹದಿಂದ ತನ್ನದೇ ಫೈಲ್ ಕೇಳಿದರೂ ಸಿಗುವುದಿಲ್ಲ. ಕೀ ಸರಿಯಿದೆ, ಫೈಲಿನ ಹೆಸರು ಸರಿಯಿದೆ, ನಿನ್ನೆಯವರೆಗೆ ಇದೇ ಕೋಡ್ ಕೆಲಸ ಮಾಡಿದೆ. ಬರೀ ‘403, ಅನುಮತಿ ಇಲ್ಲ’ ಎಂಬ ಉತ್ತರ ಬಂದರೆ ಪ್ರೋಗ್ರಾಮರ್ ಕೀ ಬದಲಿಸಿ, ಪರ್ಮಿಷನ್ನುಗಳನ್ನೆಲ್ಲ ತಡಕಾಡಿ ಅರ್ಧ ದಿನ ಕಳೆದಾನು. ಆದರೆ ಎಸ್3 ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ವಿನಂತಿಯ ಮೇಲಿದ್ದ ಸಮಯ, ಸರ್ವರಿನಲ್ಲಿ ಈಗಿನ ಸಮಯ, ಎರಡರ ನಡುವೆ ಇರಬಹುದಾದ ಗರಿಷ್ಠ ಅಂತರ 9,00,000 ಮಿಲಿಸೆಕೆಂಡ್, ಅಂದರೆ 15 ನಿಮಿಷ. ಮೂರನ್ನೂ ಉತ್ತರದಲ್ಲೇ ಬರೆದು ಕಳಿಸುತ್ತದೆ. ಎರಡು ಸಮಯಗಳನ್ನು ಒಟ್ಟಿಗೆ ಕಂಡವನು ನೇರವಾಗಿ ಗಡಿಯಾರಕ್ಕೇ ಕೈಹಾಕುತ್ತಾನೆ.

ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ಕೌಂಟರೇ ಎಪಿಐ. ಫೋನಿನ ಆ್ಯಪ್ ಹಣ ಕಳಿಸುವುದೂ ಟಿಕೆಟ್ ಕಾದಿರಿಸುವುದೂ ಇಂಥ ಕೌಂಟರಿನ ಮೂಲಕವೇ. ವಿನಂತಿ ಏಕೆ ತಿರಸ್ಕೃತವಾಯಿತೆಂಬುದು ಕೌಂಟರಿನ ಒಳಗಿರುವ ಸರ್ವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದೆ ತಿರಸ್ಕರಿಸಿರಲು ಸಾಧ್ಯವೇ ಇಲ್ಲ. ಆದರೂ ಎಷ್ಟೋ ಸರ್ವರುಗಳು ‘ಅರ್ಜಿ ಸರಿಯಿಲ್ಲ, ನಾಳೆ ಬನ್ನಿ’ ಎನ್ನುವ ಗುಮಾಸ್ತರಂತೆ ಬರೀ ‘400’ ಎಂದು ಕಿಟಕಿ ಮುಚ್ಚುತ್ತವೆ.

ಉತ್ತರದ ಜೊತೆ ಬರುವ ‘400’, ‘403’ರಂಥ ಎಚ್‌ಟಿಟಿಪಿ ಸಂಖ್ಯೆಗಳು ಮೊದಲ ಸುಳಿವು ಮಾತ್ರ. 4ರಿಂದ ಶುರುವಾದರೆ ತಪ್ಪು ಕೇಳಿದವರದು, 5ರಿಂದ ಶುರುವಾದರೆ ಕೊಡಬೇಕಾದವರದು. ಮೂವತ್ತು ಅಂಕಣಗಳ ವಿನಂತಿಯಲ್ಲಿ ಜನ್ಮದಿನಾಂಕ 31-02-1990 ಎಂದಿದ್ದರೆ ‘400’ ಎಂಬ ಸಂಖ್ಯೆಯಿಂದ ಅದು ತಿಳಿಯುವುದು ಹೇಗೆ?

ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಹಬ್ ಇಂಥಲ್ಲಿ 422 ಎಂದು ಹೇಳಿ, ಯಾವ ಅಂಕಣ, ಏನು ದೋಷ (ಬಿಟ್ಟುಹೋಗಿದೆಯೋ, ರೂಪ ಸರಿಯಿಲ್ಲವೋ, ಆ ಹೆಸರು ಈಗಾಗಲೇ ಇದೆಯೋ) ಎಂಬುದನ್ನೂ ಜೊತೆಗೆ ಕಳಿಸುತ್ತದೆ. ಹಣ ಪಾವತಿಯ ಸ್ಟ್ರೈಪ್ ಇನ್ನೊಂದು ಹೆಜ್ಜೆ ಮುಂದೆ. ಪರೀಕ್ಷೆಗೆಂದು ಸೃಷ್ಟಿಸಿದ ಗ್ರಾಹಕನನ್ನು ಅಸಲಿ ವ್ಯವಹಾರದ ಕೀ ಬಳಸಿ ಹುಡುಕಿದರೆ ‘ಅಂಥ ಗ್ರಾಹಕ ಇಲ್ಲ’ ಎಂದಷ್ಟೇ ಹೇಳಿ ಬಿಡುವುದಿಲ್ಲ. ಟೆಸ್ಟ್ ಮೋಡ್‌ನಲ್ಲಿ ಅಂಥದ್ದೊಂದು ಇದೆ, ನೀವು ಲೈವ್ ಕೀ ಬಳಸಿದ್ದೀರಿ ಎಂದೂ ತಿಳಿಸುತ್ತದೆ. ಬಳಸುವವರು ಎಲ್ಲಿ ಎಡವುತ್ತಾರೆಂದು ಕಂಡವರು ಮಾತ್ರ ಬರೆಯಬಲ್ಲ ವಾಕ್ಯ ಅದು.

ಇದಕ್ಕೊಂದು ಮಾನಕವೂ ಇದೆ. 2016ರಲ್ಲಿ ಬಂದ ಆರ್‌ಎಫ್‌ಸಿ 7807ರ ಜಾಗಕ್ಕೆ 2023ರಲ್ಲಿ ಆರ್‌ಎಫ್‌ಸಿ 9457 ಬಂತು. ದೋಷದ ಬಗೆ, ಶೀರ್ಷಿಕೆ, ಸ್ಥಿತಿಸಂಖ್ಯೆ, ಈ ಸಲದ ನಿರ್ದಿಷ್ಟ ವಿವರ ಇವನ್ನೆಲ್ಲ ಎಲ್ಲಿ ಬರೆಯಬೇಕೆಂದು ಅದು ಹೇಳುತ್ತದೆ. ಅದರಲ್ಲಿರುವ ಉದಾಹರಣೆ ಯಾರಿಗಾದರೂ ಅರ್ಥವಾಗುವಂಥದ್ದು: ನಿಮ್ಮ ಖಾತೆಯಲ್ಲಿ 30 ಇದೆ, ಇದರ ಬೆಲೆ 50. ಬಗೆಯನ್ನು ಓದುವುದು ಯಂತ್ರ, ವಿವರವನ್ನು ಓದುವುದು ಮನುಷ್ಯ. ಇವೆರಡನ್ನು ಕಲಸಿದರೆ ಮುಂದೊಂದು ದಿನ ಯಾರೋ ವಾಕ್ಯದ ಕಾಗುಣಿತ ತಿದ್ದುತ್ತಾರೆ, ಆ ವಾಕ್ಯವನ್ನೇ ನಂಬಿಕೊಂಡಿದ್ದ ಇನ್ನೊಬ್ಬರ ಆ್ಯಪ್ ಮಲಗುತ್ತದೆ.

ಹಾಗೆಂದು ಎಲ್ಲವನ್ನೂ ಬಾಯಿಬಿಡುವುದೂ ಅಪಾಯವೇ. ಲಾಗಿನ್ ಪುಟ ‘ಈ ಇಮೇಲ್ ನಮ್ಮಲ್ಲಿಲ್ಲ’ ಎಂದರೆ, ಯಾವ ಇಮೇಲ್‌ಗಳಿವೆ ಎಂಬುದನ್ನು ಕಳ್ಳ ಒಂದೊಂದಾಗಿ ಕೇಳಿ ತಿಳಿದುಕೊಳ್ಳುತ್ತಾನೆ. ಅನುಮತಿಯಿಲ್ಲದವರು ಖಾಸಗಿ ರೆಪೊಸಿಟರಿ ಕೇಳಿದಾಗ ಗಿಟ್‌ಹಬ್ ‘403’ ಎನ್ನುವ ಬದಲು ‘404’ ಎನ್ನುವುದೂ ಇದಕ್ಕೇ. ಅಂಥದ್ದೊಂದು ಇದೆ ಎಂಬುದೇ ಹೊರಗಿನವರಿಗೆ ತಿಳಿಯಬಾರದು. ಟೋಕನ್ನಿಗೆ ಅನುಮತಿ ಕೊಡಲು ಮರೆತ ಪ್ರಾಮಾಣಿಕ ಬಳಕೆದಾರ ಇದರಿಂದ ತಲೆ ಕೆರೆದುಕೊಳ್ಳುತ್ತಾನೆ, ನಿಜ. ಆದರೂ ಇಲ್ಲಿ ಗಿಟ್‌ಹಬ್ ಮಾಡಿದ್ದೇ ಸರಿ.

ಹೊರಗೆ ಹೇಳಲಾಗದ ಕಾರಣಗಳಿಗೆ ಇನ್ನೊಂದು ದಾರಿಯಿದೆ. ಪ್ರತಿ ವಿನಂತಿಗೂ ಸರ್ವರ್ ಒಂದು ಗುರುತಿನ ಸಂಖ್ಯೆ ಕೊಟ್ಟು ಅದನ್ನು ಉತ್ತರದಲ್ಲೂ ಕಳಿಸುತ್ತದೆ; ಪೂರ್ತಿ ಕಾರಣವನ್ನು ಅದೇ ಸಂಖ್ಯೆಯಡಿ ತನ್ನ ಲಾಗ್‌ನಲ್ಲಿ ಬರೆದಿಡುತ್ತದೆ. ಅಮೆಜಾನ್ ಸೇವೆಗಳ ಉತ್ತರಗಳಲ್ಲಿ ಈ ರಿಕ್ವೆಸ್ಟ್ ಐಡಿ ಕಾಣಸಿಗುತ್ತದೆ. ಸಪೋರ್ಟ್‌ಗೆ ‘ಬೆಳಿಗ್ಗೆಯಿಂದ ಕೆಲಸ ಮಾಡ್ತಿಲ್ಲ, ಸ್ವಲ್ಪ ನೋಡಿ’ ಎಂಬ ಪತ್ರ ಬಂದರೆ ಅಲ್ಲಿರುವ ಎಂಜಿನಿಯರ್ ಲಕ್ಷಾಂತರ ಸಾಲುಗಳ ಲಾಗ್ ಜಾಲಾಡಬೇಕು. ಪತ್ರದಲ್ಲಿ ಆ ಐಡಿ ಇದ್ದರೆ ಅದೊಂದನ್ನೇ ಹುಡುಕಿದರೆ ಆಯಿತು.