ಗಡುವು ಮೀರಿದ ಆದಾಯ ತೆರಿಗೆ ರಿಟರ್ನ್



ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ರಿಟರ್ನ್ ಸಲ್ಲಿಸುವ ದಿನ ಮೀರಿಹೋಗುವುದು ಕಳಸ, ಮೂಡಿಗೆರೆ ಕಡೆ ಹೊಸದೇನಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂದು ಸುಮ್ಮನಿರುವವರೂ ಉಂಟು. ಒಣ ಚೆರ್ರಿ, ಪಾರ್ಚ್‌ಮೆಂಟನ್ನು ಹಾಗೆಯೇ ಮಾರುವವರ ಮಟ್ಟಿಗೆ ಈ ಮಾತು ಸರಿ. ಆದರೆ ತಾವು ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇ. 25 ಭಾಗ ವ್ಯಾಪಾರದ ಆದಾಯವೆನಿಸುತ್ತದೆ. ಬ್ಯಾಂಕ್ ಠೇವಣಿಯ ಬಡ್ಡಿಯಂತೂ ಕೃಷಿ ಆದಾಯವಲ್ಲ. ಅದರಲ್ಲಿ ಬ್ಯಾಂಕು ಹೆಚ್ಚಾಗಿ ಮುರಿದುಕೊಂಡ ತೆರಿಗೆ ಮರಳಿ ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು.

ಗಡುವು ತಪ್ಪಿದರೂ, ಆರ್ಥಿಕ ವರ್ಷ ಮುಗಿದ ಮೇಲೆ ಬರುವ ಡಿಸೆಂಬರ್ 31ರವರೆಗೆ ಅವಕಾಶವಿದೆ. ರಿಟರ್ನ್ ಕಡ್ಡಾಯವಾಗಿರುವವರು ತಡವಾದುದಕ್ಕೆ ಶುಲ್ಕ ತೆರಬೇಕು: ಕೃಷಿ ಬಿಟ್ಟು ಉಳಿದ ಆದಾಯ 5 ಲಕ್ಷದೊಳಗಿದ್ದರೆ 1,000 ರೂ., ಮೀರಿದರೆ 5,000 ರೂ. ಬಾಕಿ ತೆರಿಗೆಗೆ ತಿಂಗಳಿಗೆ ಶೇ. 1 ಬಡ್ಡಿ ಬೇರೆ.

ಆ ದಿನವೂ ದಾಟಿದರೆ ಉಳಿಯುವುದು ‘ಅಪ್‌ಡೇಟೆಡ್ ರಿಟರ್ನ್’ ಒಂದೇ ಎನ್ನಬಹುದು. ಅದಕ್ಕೆ ತೆರಿಗೆ, ಬಡ್ಡಿಗಳ ಮೇಲೆ ಶೇ. 25ರಿಂದ 70ರವರೆಗೆ ಹೆಚ್ಚುವರಿ ಕಟ್ಟಬೇಕು. ಅದರಲ್ಲಿ ಹಣ ಮರಳಿ ಕೇಳುವಂತೆಯೂ ಇಲ್ಲ.

ಆದುದರಿಂದ ಅರೇಬಿಕಾ ಕೊಯ್ಲು ಮುಗಿಯಲೆಂದು ಕಾಯಬೇಡಿ. ಪಾಸ್‌ಬುಕ್, ಮಾರಾಟದ ಬಿಲ್ಲು, ಬ್ಯಾಂಕಿನ ತೆರಿಗೆ ಕಡಿತ ಪತ್ರ, ಇವನ್ನು ಇಂದೇ ಒಂದೆಡೆ ತೆಗೆದಿಡಿ.