ಹಳೆಯ ಜೀಪು ಕೊಳ್ಳುವ ಮುನ್ನ ಮುಂಗಾಲು ನೋಡಿ

ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋದ ಅನುಭವಸ್ಥ ರೈತ ಏನು ಮಾಡುತ್ತಾನೆ? ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಮೈ ಸವರಿ ಸುಳಿ ನೋಡುತ್ತಾನೆ. ಆಮೇಲೆ ಹತ್ತು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಕೊಂಬಿಗೆ ಬಳಿದ ಬಣ್ಣಕ್ಕಾಗಲಿ, ಕೊರಳಿಗೆ ಕಟ್ಟಿದ ಗೆಜ್ಜೆಗಾಗಲಿ ಆತ ಮರುಳಾಗುವವನಲ್ಲ. ಆದರೆ ಅದೇ ರೈತ ಲಕ್ಷಗಟ್ಟಲೆ ಹಣ ಎಣಿಸಿ ಹಳೆಯ ಜೀಪು ಕೊಳ್ಳುವಾಗ ಈ ಬುದ್ಧಿಯನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳುತ್ತಾನೆ, ಸೀಟಿನ ಮೇಲೆ ಕುಳಿತು ನೋಡುತ್ತಾನೆ, ಬಣ್ಣದ ಹೊಳಪು ಮೆಚ್ಚುತ್ತಾನೆ. ಗಾಡಿಯ ಮುಂಗಾಲು ಮಾತ್ರ ನೋಡುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನೆನಪಾಗುವ ಹೊತ್ತಿಗೆ ಗಾಡಿ ಮನೆಯ ಅಂಗಳಕ್ಕೆ ಬಂದಿರುತ್ತದೆ.

ನಮ್ಮ ಮಲೆನಾಡಿನ ಕಡೆ ಎತ್ತರದ ಗಾಡಿಗಳೆಲ್ಲ ಜೀಪುಗಳೇ. 1994ರಲ್ಲಿ ಬಂದ ಸುಮೋ, 1998ರ ಸಫಾರಿ, 2002ರ ಸ್ಕಾರ್ಪಿಯೊ, 2012ರ ಡಸ್ಟರ್ ಎಲ್ಲವನ್ನೂ ಜನ ಆ ಒಂದೇ ಹೆಸರಿನಿಂದ ಕರೆಯುವುದುಂಟು. ಹೊಸದರ ಬೆಲೆ ಕೈಗೆಟುಕದವರು ಏಳೆಂಟು ವರ್ಷ ಓಡಿದ್ದನ್ನು ಹುಡುಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ನೋಡಿಕೊಂಡ ಹಳೆಯ ಗಾಡಿ ಬಹುಕಾಲ ಬಾಳುತ್ತದೆ. ಆದರೆ ಇಂಥ ಗಾಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದಿರುವ ಭಾಗ ಅದರ ಮುಂದಿನ ಸಸ್ಪೆನ್ಷನ್. ಎಂಜಿನ್ನಿನ ಭಾರ ಅದರ ಮೇಲೆ, ಬ್ರೇಕ್ ಒತ್ತಿದಾಗ ಮುಂದಕ್ಕೆ ಬಾಗುವ ಇಡೀ ಗಾಡಿಯ ಭಾರವೂ ಅದರ ಮೇಲೆ. ಜೊತೆಗೆ ಎಡಕ್ಕೆ ಬಲಕ್ಕೆ ತಿರುಗುವ ಕೆಲಸ ಬೇರೆ. ಹಿಂದಿನ ಚಕ್ರಗಳಿಗೆ ಈ ಮೂರನೆಯ ಕಷ್ಟವಿಲ್ಲ.

ಸ್ಪ್ರಿಂಗ್ ತೂಗುತ್ತದೆ, ಶಾಕ್ ಅಬ್ಸಾರ್ಬರ್ ತಡೆಯುತ್ತದೆ

ಗಾಡಿ ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 15 ಮೀಟರ್. ಮುಕ್ಕಾಲು ಮೀಟರ್ ಅಗಲದ ಗುಂಡಿಯನ್ನು ಚಕ್ರ ದಾಟಲು ಹಿಡಿಯುವ ಕಾಲ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅಷ್ಟರೊಳಗೆ ಚಕ್ರ ಕೆಳಗಿಳಿದು, ಗುಂಡಿಯ ಅಂಚಿಗೆ ಹೊಡೆದು, ಮೇಲೆ ಬರಬೇಕು. ಈ ಪೆಟ್ಟು ನೇರವಾಗಿ ಚಾಸಿಗೆ ಬಡಿಯದಂತೆ ನಡುವೆ ನಿಲ್ಲುವುದೇ ಸ್ಪ್ರಿಂಗ್. ಎಳೆದಷ್ಟು ಅಥವಾ ಒತ್ತಿದಷ್ಟು ಬಲಕ್ಕೆ ತಕ್ಕಂತೆ ಸ್ಪ್ರಿಂಗ್ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ. ನಮ್ಮ ಶಾಲೆಗಳಲ್ಲಿ ಇಂದಿಗೂ ತೂಕದ ಬಟ್ಟು ನೇತುಹಾಕಿ ಮಾಡಿಸುವ ಪ್ರಯೋಗ ಅದೇ.

ಆ ಪ್ರಯೋಗದಲ್ಲಿ ಮಕ್ಕಳು ಇನ್ನೊಂದನ್ನೂ ಗಮನಿಸುತ್ತಾರೆ. ಬಟ್ಟನ್ನು ಎಳೆದು ಬಿಟ್ಟರೆ ಅದು ಬೇಗ ನಿಲ್ಲುವುದಿಲ್ಲ, ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಸ್ಪ್ರಿಂಗ್ ಶಕ್ತಿಯನ್ನು ಕೂಡಿಡುತ್ತದೆಯೇ ಹೊರತು ಕಳೆಯುವುದಿಲ್ಲ. ಗಾಡಿಯ ಮೈ ಕೂಡ ಹಾಗೆಯೇ, ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಬಾರಿ ತೂಗುತ್ತದೆ. ಈ ಕುಣಿತವನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕಿ, ಚಲನೆಯ ಶಕ್ತಿಯನ್ನು ಶಾಖವಾಗಿಸಿ ಹೊರಗೆ ಬಿಡುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತು ಮೈಲಿ ಓಡಿಸಿ ಮುಟ್ಟಿ ನೋಡಿದರೆ ಅದು ಬೆಚ್ಚಗಿರುವುದು ಇದೇ ಕಾರಣಕ್ಕೆ.

ಸೀಲ್ ಹರಿದು ಎಣ್ಣೆ ಸೋರಿದರೆ ಈ ತಡೆ ಇಲ್ಲವಾಗುತ್ತದೆ. ಆಗ ಗಾಡಿ ತೊಟ್ಟಿಲಿನಂತೆ ತೂಗುತ್ತದೆ. ಪ್ರಯಾಣಿಕರಿಗೆ ವಾಂತಿ ಬರಬಹುದು, ಅದು ಚಿಕ್ಕ ತೊಂದರೆ. ದೊಡ್ಡ ತೊಂದರೆ ಎಂದರೆ ಚಕ್ರ ನೆಲದಿಂದ ಪುಟಿಯುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಹಾಕಿ ಪ್ರಯೋಜನವಿಲ್ಲ, ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ.

ಮೂರು ಬಗೆಯ ಮುಂಗಾಲು

ಎಲ್ಲ ಜೀಪುಗಳ ಮುಂಗಾಲು ಒಂದೇ ಅಲ್ಲ. ಹಳೆಯ ಮಹೀಂದ್ರ ಜೀಪುಗಳಲ್ಲಿ ಎಡಚಕ್ರದಿಂದ ಬಲಚಕ್ರದವರೆಗೆ ಒಂದೇ ಗಟ್ಟಿ ಆಕ್ಸೆಲ್, ಅದರ ಮೇಲೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಲೀಫ್ ಸ್ಪ್ರಿಂಗ್. ಎತ್ತಿನ ಗಾಡಿಯಷ್ಟೇ ಗಟ್ಟಿ, ಸವಾರಿಯೂ ಹೆಚ್ಚು ಕಡಿಮೆ ಹಾಗೆಯೇ. ಎರಡನೆಯದು ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು ಇರುವ ಡಬಲ್ ವಿಶ್‌ಬೋನ್. ಸಫಾರಿಯಲ್ಲಿ ಇದರ ಜೊತೆಗೆ ಟಾರ್ಷನ್ ಬಾರ್ ಇತ್ತು. ಅಂದರೆ ಸುರುಳಿ ಸ್ಪ್ರಿಂಗಿನ ಬದಲು, ತಿರುಚಿಕೊಂಡು ಮತ್ತೆ ಸಹಜ ಸ್ಥಿತಿಗೆ ಬರುವ ಉದ್ದನೆಯ ಉಕ್ಕಿನ ಸರಳು. ಮೂರನೆಯದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದ ಕೊನೆಯಲ್ಲಿ ರೂಪಿಸಿದ ಸ್ಟ್ರಟ್. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ ಸೇರಿಕೊಂಡಿರುತ್ತವೆ, ಮೇಲಿನ ತೋಳು ಇರುವುದಿಲ್ಲ. ಡಸ್ಟರ್, ಕ್ರೆಟಾದಂಥ ಈಚಿನ ಗಾಡಿಗಳಲ್ಲಿರುವುದು ಇದೇ.

ಈ ವ್ಯತ್ಯಾಸ ಗೊತ್ತಿರಬೇಕಾದದ್ದು ಯಾಕೆಂದರೆ ರೋಗವೂ ಬೇರೆ, ಪರೀಕ್ಷೆಯೂ ಬೇರೆ. ಲೀಫ್ ಸ್ಪ್ರಿಂಗಿನ ಜೀಪಿನಲ್ಲಿ ಶ್ಯಾಕಲ್ ಬುಷ್, ಕಿಂಗ್ ಪಿನ್, ಟೈ ರಾಡ್ ಎಂಡ್ ಸವೆದರೆ ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೇರಿಂಗ್ ಇದ್ದಕ್ಕಿದ್ದಂತೆ ಗಡಗಡ ನಡುಗಲು ಶುರುವಾಗುತ್ತದೆ. ವೇಗ ತಗ್ಗಿಸುವವರೆಗೂ ನಿಲ್ಲುವುದಿಲ್ಲ. ಇದು ದೆವ್ವದ ಚೇಷ್ಟೆಯಲ್ಲ, ಅನುರಣನ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಹೇಗೆ ಎತ್ತರಕ್ಕೆ ಏರುತ್ತದೆಯೋ ಹಾಗೆ, ಚಕ್ರ ಸುತ್ತುವ ಲಯವೂ ಸಡಿಲವಾದ ಭಾಗಗಳು ಅಲ್ಲಾಡುವ ಲಯವೂ ಒಂದಾದಾಗ ನಡುಕ ಬೆಳೆಯುತ್ತದೆ. ಕೆಲವರು ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ನಡುಕ ಮುಚ್ಚಿಟ್ಟು ಮಾರುತ್ತಾರೆ. ಸಡಿಲ ಮಾತ್ರ ಹಾಗೆಯೇ ಉಳಿದಿರುತ್ತದೆ.

ಒಂದು ಸಣ್ಣ ಗುಂಡು

ತೋಳುಗಳಿರುವ ಗಾಡಿಯಲ್ಲಿ ಎಲ್ಲಕ್ಕಿಂತ ಅಪಾಯದ ಭಾಗ ಬಾಲ್ ಜಾಯಿಂಟ್. ನಮ್ಮ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಕೂತಿರುವಂತೆ, ಉಕ್ಕಿನ ಗುಂಡೊಂದು ಬಟ್ಟಲಿನಲ್ಲಿ ಕೂತಿರುತ್ತದೆ. ಸುತ್ತ ಗ್ರೀಸ್, ಮೇಲೊಂದು ರಬ್ಬರ್ ಟೋಪಿ. ಆ ಟೋಪಿ ಹರಿದರೆ ನೀರು, ಮಣ್ಣು ಒಳಗೆ ಹೋಗಿ ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತವೆ. ಕೆಂಪುಮಣ್ಣಿನ ಎಸ್ಟೇಟ್ ರಸ್ತೆ, ಆರು ತಿಂಗಳ ಮಳೆ ಇರುವ ನಮ್ಮ ಕಡೆ ಈ ಅರೆತಕ್ಕೆ ಬಿಡುವೇ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಘಟ್ಟದ ಮೇಲಿನ ಊರೊಂದರಲ್ಲಿ ಗ್ಯಾರೇಜು ನಡೆಸುತ್ತಾನೆ. ಕಳೆದ ಮಳೆಗಾಲಕ್ಕೆ ಮೊದಲು ಅವನಲ್ಲಿಗೆ ಒಂದು ಗಾಡಿ ಬಂತು. ಎರಡು ಎಕರೆ ಅಡಿಕೆ ತೋಟದ ಗೃಹಸ್ಥರು, ತಾಯಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದೊಯ್ಯಲೆಂದೇ ಸಾಲ ಮಾಡಿ ಕೊಂಡದ್ದು. ಗಾಡಿ ಎಡಕ್ಕೆ ಎಳೆಯುತ್ತಿತ್ತು, ತಿರುವಿನಲ್ಲಿ 'ಕಟಕ್' ಎನ್ನುತ್ತಿತ್ತು. ಅಲೈನ್‌ಮೆಂಟ್ ಮಾಡಿಕೊಡು ಸಾಕು ಎಂದರು ಅವರು. ಕೈಯಲ್ಲಿ ಅಷ್ಟೇ ಹಣವಿತ್ತು. ಇವನು ಚಕ್ರ ಎತ್ತಿ ಅಲ್ಲಾಡಿಸಿ ನೋಡಿ, ಅವರ ಕೈಯಿಂದಲೂ ಅಲ್ಲಾಡಿಸಿ ತೋರಿಸಿದನಂತೆ. 'ಇವತ್ತು ಅಲೈನ್‌ಮೆಂಟ್ ಮಾಡಿದರೆ ನಾನು ನಿಮಗೆ ಮೋಸ ಮಾಡಿದಂತೆ. ಗುಂಡು ಬಟ್ಟಲಿನಿಂದ ಕಳಚಿಕೊಂಡರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ. ಸಮತಟ್ಟು ನೆಲದಲ್ಲಾದರೆ ಗಾಡಿ ನೆಲಕ್ಕೆ ಕೂರುತ್ತದೆ, ಘಾಟಿಯಲ್ಲಾದರೆ ಹೇಳಲಾರೆ. ಬಿಡಿಭಾಗದ ದುಡ್ಡು ಅಡಿಕೆ ಮಾರಿದ ಮೇಲೆ ಕೊಡಿ' ಎಂದ. ಎರಡೂ ಕಡೆಯ ಕೆಳಗಿನ ಜಾಯಿಂಟ್ ಬದಲಾಯಿಸಿದ. ಬಿಚ್ಚಿದ ಹಳೆಯ ಜಾಯಿಂಟ್ ಈಗ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿದೆ. ಘರ್ಷಣೆಯ ಪಾಠ ಮಾಡುವಾಗ ಮಕ್ಕಳ ಕೈಗೆ ಕೊಡುತ್ತೇನೆ. ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತದೆ. ಎರಡು ಟನ್ನಿನ ಗಾಡಿಯ ಒಂದು ಮೂಲೆ ಇದರ ಮೇಲೆ ನಿಂತಿತ್ತು ಎಂದರೆ ಅವರು ನಂಬುವುದೇ ಇಲ್ಲ.

ನೀವೇ ಮಾಡಬಹುದಾದ ಪರೀಕ್ಷೆ

ಮೊದಲು ಟಯರು ಓದಿ. ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಚಕ್ರ ಓರೆಯಾಗಿದೆ. ಅಂಗೈಯಿಂದ ಅಡ್ಡಲಾಗಿ ಸವರಿದಾಗ ಒಂದು ಕಡೆಗೆ ನುಣುಪು, ಮರುಕಡೆಗೆ ಗರಗಸದಂತೆ ತಾಗಿದರೆ ಎರಡು ಚಕ್ರಗಳ ಮುಖ ಒಂದೇ ದಿಕ್ಕಿಗಿಲ್ಲ. ಅಲ್ಲಲ್ಲಿ ಬಟ್ಟಲಿನಂತೆ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಿ. ಮುಂದೆ ಎರಡು ಹೊಚ್ಚಹೊಸ ಟಯರು, ಹಿಂದೆ ಹಳೆಯವು ಇದ್ದರೆ ಕಾರಣ ಕೇಳಿ. ಸಾಕ್ಷಿಯನ್ನು ಬದಲಾಯಿಸಿರಬಹುದು.

ಎರಡನೆಯದು ಎತ್ತರ. ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಡಬಲ ಎರಡೂ ಕಡೆ ದರ್ಜಿಯ ಟೇಪಿನಿಂದ ಅಳೆಯಿರಿ. ಎದ್ದು ಕಾಣುವ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕುಸಿದಿದೆ ಎಂದು ಶಂಕಿಸಿ. ಟಾರ್ಷನ್ ಬಾರ್ ಇರುವ ಗಾಡಿಯಲ್ಲಿ ಒಂದು ಬೋಲ್ಟ್ ತಿರುಗಿಸಿ ಮುಂಭಾಗವನ್ನು ಎತ್ತರಿಸುವುದು ಸುಲಭ. ನೋಡಲು ಠೀವಿಯಾಗಿರುತ್ತದೆ. ಆದರೆ ತೋಳು ಕೆಳಮುಖವಾಗಿ, ಬಾಲ್ ಜಾಯಿಂಟ್ ಓರೆಯಾಗಿ, ಚಕ್ರಕ್ಕೆ ಕೆಳಗಿಳಿಯಲು ಜಾಗವೇ ಉಳಿಯುವುದಿಲ್ಲ. ಹಂಪ್ ಇಳಿಯುವಾಗ 'ಟಕ್' ಎಂದು ಕಬ್ಬಿಣ ಬಡಿದರೆ ಈ ಠೀವಿಯ ಗುಟ್ಟು ತಿಳಿಯುತ್ತದೆ.

ಮೂರನೆಯದು ಅಲ್ಲಾಡಿಸುವುದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಚಕ್ರವನ್ನು ಜಾಕಿನಿಂದ ಎತ್ತಿ. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ತೂರಬೇಡಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಸಡಿಲ ಮಾಯವಾದರೆ ಬೇರಿಂಗ್, ಉಳಿದರೆ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಸಡಿಲವಿದ್ದರೆ ಟೈ ರಾಡ್ ಎಂಡ್. ಇಲ್ಲೊಂದು ಸೂಕ್ಷ್ಮವಿದೆ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಕೆಳತೋಳಿಗೆ ಸೇರಿರುವ ಗಾಡಿಯಲ್ಲಿ ಚಾಸಿಗೆ ಜಾಕು ಕೊಟ್ಟರೆ ಸ್ಪ್ರಿಂಗಿನ ಒತ್ತಡವೇ ಜಾಯಿಂಟನ್ನು ಬಿಗಿಹಿಡಿದು ಸಡಿಲವನ್ನು ಮರೆಮಾಡುತ್ತದೆ. ಆದ್ದರಿಂದ ಕೆಳತೋಳಿಗೇ, ಚಕ್ರದ ಹತ್ತಿರ, ಜಾಕು ಕೊಡಬೇಕು. ಸ್ಟ್ರಟ್ ಇರುವ ಗಾಡಿಯಲ್ಲಿ ಮೈಗೆ ಜಾಕು ಕೊಟ್ಟು ಚಕ್ರ ನೇತಾಡುವಂತೆ ಬಿಡಬೇಕು. ಇದು ತಿಳಿಯದೆ 'ಎಲ್ಲ ಟೈಟಾಗಿದೆ ಸಾರ್' ಎನ್ನುವವರು ಅನೇಕರು.

ಮುಂಭಾಗವನ್ನು ಕೈಯಿಂದ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪರೀಕ್ಷೆ ಕಾರಿಗೆ ಸರಿ, ಭಾರಿ ಜೀಪಿಗೆ ನಮ್ಮ ತೋಳ್ಬಲ ಸಾಲದು. ಅದರ ಬದಲು ಶಾಕ್ ಅಬ್ಸಾರ್ಬರಿನ ಮೈ ನೋಡಿ. ತೆಳುವಾದ ಧೂಳು ಸಹಜ, ಎಣ್ಣೆಗೆ ಅಂಟಿದ ಕಪ್ಪು ಕೆಸರು ಕಾಯಿಲೆ. ಇಡೀ ಗಾಡಿ ಮಣ್ಣಾಗಿದ್ದು ಅದೊಂದು ಮಾತ್ರ ಒರೆಸಿದಂತೆ ಥಳಥಳಿಸುತ್ತಿದ್ದರೆ ಇನ್ನೂ ಎಚ್ಚರ. ಕೊನೆಗೆ ಕಿಟಕಿ ಇಳಿಸಿ, ರೇಡಿಯೊ ಆರಿಸಿ, ಕೆಟ್ಟ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಸಣ್ಣ ಕಲ್ಲುಗಳ ಮೇಲೆ ಲಟಲಟ ಎಂದರೆ ಸ್ಟೆಬಿಲೈಸರ್ ಲಿಂಕ್ ಇರಬಹುದು, ಬ್ರೇಕ್ ಒತ್ತಿದಾಗ ಧಡ್ ಎಂದರೆ ತೋಳಿನ ಬುಷ್ ಇರಬಹುದು. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಗಾಡಿ ಪೂರ್ತಿ ತಿರುವಿನಲ್ಲಿ ಟಿಕ್ ಟಿಕ್ ಎಂದರೆ ಅದು ಸಸ್ಪೆನ್ಷನ್ ಅಲ್ಲ, ಆಕ್ಸೆಲಿನ ಜಾಯಿಂಟ್.

ಅಲಂಕಾರದ ಭಾರ

ಅಗಲವಾದ ಟಯರು, ಹೊರಕ್ಕೆ ಚಾಚಿದ ಡಿಸ್ಕ್ ಹಾಕಿಸಿದ ಗಾಡಿ ಕಂಡರೆ ಹುಡುಗರಿಗೆ ಆಸೆ. ಚಕ್ರ ಹೊರಕ್ಕೆ ಹೋದಷ್ಟೂ ಬೇರಿಂಗ್ ಮತ್ತು ಜಾಯಿಂಟ್ ಮೇಲೆ ಬೀಳುವ ಬಲದ ಭ್ರಾಮಕ ಹೆಚ್ಚುತ್ತದೆ. ಇದು ಸನ್ನೆಕೋಲಿನ ತತ್ವ, ಬೇರೇನಲ್ಲ. ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಕೂಡ ಮುಂಗಾಲಿಗೇ ಭಾರ. ಪಾದಚಾರಿಗಳಿಗೆ ಅಪಾಯವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಅವುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತು.

ಅಲೈನ್‌ಮೆಂಟ್ ಬಗ್ಗೆ ಒಂದು ಮಾತು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಕೈಬಿಟ್ಟರೂ ಅದು ನೆಟ್ಟಗೆ ಹೋಗಲು ನೋಡುತ್ತದೆ. ಗಾಡಿಯ ಚಕ್ರಗಳಿಗೂ ಅಂಥ ಓರೆಗಳ ಲೆಕ್ಕವಿದೆ. ಆದರೆ ಕೀಲುಗಳು ಸಡಿಲವಿರುವಾಗ ಈ ಲೆಕ್ಕ ಹಾಕುವುದು ಅಲ್ಲಾಡುವ ಮಂಚಕ್ಕೆ ಮಟ್ಟ ಹಿಡಿದಂತೆ. ಮೊದಲು ಕೀಲು, ಆಮೇಲೆ ಅಲೈನ್‌ಮೆಂಟ್. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್‌ಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಾಯಿಸಿ. ಒಂದೇ ಕಡೆ ಹೊಸದಾದರೆ ಗಾಡಿ ಕುಂಟುತ್ತದೆ.

ಇಷ್ಟೆಲ್ಲ ದೋಷ ಕಂಡರೆ ಗಾಡಿ ಬಿಟ್ಟುಬಿಡಬೇಕೇ? ಹಾಗೇನಿಲ್ಲ. ಬುಷ್, ಜಾಯಿಂಟ್, ಶಾಕ್ ಅಬ್ಸಾರ್ಬರ್ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು, ಅಂಗಡಿಯಲ್ಲಿ ಸಿಗುತ್ತವೆ. ಚಾಸಿಯೇ ಬಾಗಿದ್ದರೆ, ತೋಳು ಕೂರುವ ಜಾಗದಲ್ಲಿ ಬಿರುಕೋ ಬೆಸುಗೆಯ ತೇಪೆಯೋ ಕಂಡರೆ ಮಾತ್ರ ನಮಸ್ಕಾರ ಹೇಳಿ ಹೊರಡಿ. ಉಳಿದದ್ದಕ್ಕೆ ನಂಬಿಕೆಯ ಮೆಕ್ಯಾನಿಕ್ಕನಿಂದ ಖರ್ಚಿನ ಪಟ್ಟಿ ಬರೆಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಇಳಿಸಿದ ಹಣವನ್ನು ಸೀಟಿನ ಕವರಿಗೆ ಹಾಕಬೇಡಿ. ಮೊದಲ ದೂರಪ್ರಯಾಣಕ್ಕೆ ಮುಂಚೆಯೇ ಮುಂಗಾಲಿಗೆ ಹಾಕಿ. ಸೀಟಿನ ಮೇಲೆ ಕೂರುವುದು ನಿಮ್ಮ ಮನೆಯವರೇ ಅಲ್ಲವೇ?