ಪರದೇಶದ ತರಗತಿಯಲ್ಲಿ ಕನ್ನಡ ಕಲಿಸುವುದು

ಕನ್ನಡವನ್ನು ಐಚ್ಛಿಕವಾಗಿ ಓದಿದವರಿಗೆ ವಿದೇಶದಲ್ಲಿ ಏನು ಕೆಲಸವಿದ್ದೀತು ಎಂಬ ಪ್ರಶ್ನೆ ಪ್ರತಿವರ್ಷವೂ ತರಗತಿಯಲ್ಲಿ ಏಳುತ್ತದೆ. ಅವಕಾಶಗಳು ವಿರಳ, ಆದರೆ ಇಲ್ಲವೆನ್ನುವಂತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಕನ್ನಡದ ತರಗತಿಗಳು ನಡೆದಿವೆ. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಬಿ. ಎ. ವಿವೇಕ ರೈ ಅವರು ಅತಿಥಿ ಪ್ರಾಧ್ಯಾಪಕರಾಗಿದ್ದರು. ಭಾಷಾವಿಜ್ಞಾನ ಅಥವಾ ದಕ್ಷಿಣ ಏಷ್ಯಾ ಅಧ್ಯಯನದ ವಿಭಾಗಗಳಿಗೆ ಸಂಶೋಧನೆಗೆಂದು ಸೇರಿದವರಿಗೆ ಬೋಧನ ಸಹಾಯಕರ ಕೆಲಸ ದೊರೆಯುವುದುಂಟು. ಪ್ರಾಧ್ಯಾಪಕರು ಉಪನ್ಯಾಸ ಕೊಡುತ್ತಾರೆ. ಸಹಾಯಕರು ಚಿಕ್ಕ ಗುಂಪುಗಳಿಗೆ ಅಭ್ಯಾಸ ಮಾಡಿಸುತ್ತಾರೆ, ಉತ್ತರಪತ್ರಿಕೆ ತಿದ್ದುತ್ತಾರೆ, ನಿಗದಿತ ವೇಳೆಯಲ್ಲಿ ವಿದ್ಯಾರ್ಥಿಗಳ ಸಂದೇಹ ಕೇಳಲು ಕುಳಿತಿರುತ್ತಾರೆ. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದಲ್ಲಿರುವವರು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ.

ಊರಿಗೆ ಒಗ್ಗುವ ಮಾತು ಚಿಕ್ಕದು. ಮೊದಲ ವೇತನ ತಿಂಗಳು ಕಳೆದ ಮೇಲೆ ಬರುತ್ತದೆ, ಮನೆಯ ಮುಂಗಡವನ್ನೋ ಮೊದಲ ದಿನವೇ ಕೇಳುತ್ತಾರೆ; ಆ ಹಣ ಕೈಯಲ್ಲಿರಬೇಕು. ಡಿಸೆಂಬರಿನಲ್ಲಿ ಚಿಕಾಗೋದಂತಹ ನಗರದಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಚಳಿಗೆ ಉಡುಪು ಸಿಗುತ್ತದೆ. ಆ ಬೇಗನೆ ಕವಿಯುವ ಕತ್ತಲೆಗೆ ಮನಸ್ಸು ಹೊಂದಿಕೊಳ್ಳುವುದು ನಿಧಾನ.

ನಿಜವಾದ ಪರೀಕ್ಷೆ ತರಗತಿಯೊಳಗಿದೆ. ನಾವು ಉಸಿರಾಡಿದಷ್ಟು ಸಹಜವಾಗಿ ಆಡುವ ಭಾಷೆಯನ್ನು ಅಲ್ಲಿ ಹೊರಗಿನವರ ಕಣ್ಣಿನಿಂದ ನೋಡಬೇಕಾಗುತ್ತದೆ. ‘ಹಳ್ಳಿ’ಗೂ ‘ಹಲ್ಲಿ’ಗೂ ಇರುವ ಭೇದ ಕೇಳಿಸದ ಕಿವಿಗೆ ಅದನ್ನು ಕೇಳಿಸಬೇಕು. ‘ನನಗೆ ಹಸಿವಾಗಿದೆ’ ಎಂಬಲ್ಲಿ ಹಸಿದವನು ಏಕೆ ಚತುರ್ಥಿಯಲ್ಲಿದ್ದಾನೆ ಎಂದು ಕೇಳಿದರೆ ‘ನಾವು ಹಾಗೆಯೇ ಹೇಳುವುದು’ ಎಂಬುದು ಉತ್ತರವಾಗದು.

ಇಲ್ಲಿ ಸೇಲಂ, ಧರ್ಮಪುರಿ ಸೀಮೆಯ ವಿದ್ಯಾರ್ಥಿಗಳಿಗೆ ಒಂದು ಬಂಡವಾಳವಿದೆ. ಅದನ್ನು ಅವರೇ ಬಂಡವಾಳವೆಂದು ಎಣಿಸುವುದಿಲ್ಲ ಎಂಬುದು ನನ್ನ ಅಳಲು. 2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿದ್ದ ಹೊಸೂರು, ದೆಂಕಣಿಕೋಟೆಗಳ ಮಕ್ಕಳು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಿ ಬೆಳೆಯುತ್ತಾರೆ. ‘ನಾವು ಊಟಕ್ಕೆ ಹೋಗುತ್ತೇವೆ’ ಎಂದಾಗ ಎದುರಿನವನೂ ಆ ‘ನಾವು’ವಿನಲ್ಲಿ ಸೇರಿದ್ದಾನೋ ಇಲ್ಲವೋ ಎಂಬುದು ಕನ್ನಡದ ಸರ್ವನಾಮದಿಂದ ತಿಳಿಯದು. ತಮಿಳಿನಲ್ಲಿ ಅವನನ್ನು ಬಿಟ್ಟರೆ ‘ನಾಂಗಳ್’, ಸೇರಿಸಿದರೆ ‘ನಾಮ್’. ತೆಲುಗಿನಲ್ಲಿ ‘ಮೇಮು’, ‘ಮನಮು’. ಮರಾಠಿಯಲ್ಲೂ ‘ಆಮ್ಹೀ’, ‘ಆಪಣ’ ಎಂಬ ಭೇದವುಂಟು. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನನಗೆ ಇದು ವ್ಯಾಕರಣದ ಪುಸ್ತಕಕ್ಕಿಂತ ಮೊದಲು ಆಟದ ಬಯಲಿನಲ್ಲಿ ತಿಳಿದದ್ದು. ಒಂದೇ ಭಾಷೆ ಬಲ್ಲವನಿಗೆ ಇಂತಹ ಪ್ರಶ್ನೆಯೇ ಹುಟ್ಟುವುದು ಕಷ್ಟ.

ಎ. ಕೆ. ರಾಮಾನುಜನ್ ಅವರ ಉದಾಹರಣೆಯನ್ನು ನೋಡಿ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರಿಗೆ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ವಿದ್ಯೆಗೆ ಇಂಗ್ಲಿಷ್. ಬೆಳಗಾವಿ, ಬರೋಡಾಗಳಲ್ಲಿ ಅವರು ಕಲಿಸುತ್ತಿದ್ದುದು ಇಂಗ್ಲಿಷನ್ನು. 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ, ಕನ್ನಡದ ವ್ಯಾಕರಣವನ್ನೇ ವಿಷಯವಾಗಿಸಿಕೊಂಡು 1963ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲೇ ಚಿಕಾಗೋ ಅವರನ್ನು ಕರೆದುಕೊಂಡಿತ್ತು, ಅದೂ ತಮಿಳಿಗಾಗಿ! 1962ರ ಒಂದು ಶನಿವಾರ ಹಳೆಯ ತಮಿಳಿನ ಸರಳ ವ್ಯಾಕರಣವೊಂದನ್ನು ಹುಡುಕುತ್ತ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದವರಿಗೆ ‘ಕುರುಂತೊಗೈ’ ಸಂಕಲನ ಸಿಕ್ಕಿತು. ಮನೆಮಾತಿನ ಪ್ರಾಚೀನ ಕಾವ್ಯ ಅವರಿಗೆ ದೊರೆತದ್ದು ಹೀಗೆ, ಪಾಠದ ಸಿದ್ಧತೆಯ ದಾರಿಯಲ್ಲಿ. ವಚನಗಳ ಇಂಗ್ಲಿಷ್ ಅನುವಾದ 1973ರಲ್ಲಿ ಬಂತು. ಕನ್ನಡ ಕವಿತೆಗಳ ಮೊದಲ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ ಕೂಡ ಹೊರಟದ್ದು ಅವರು ಚಿಕಾಗೋದಲ್ಲಿ ನೆಲೆಸಿದ ಮೇಲೆ, 1969ರಲ್ಲಿ.

ಅವರು 1985ರಲ್ಲಿ ಪ್ರಕಟಿಸಿದ ಸಂಗಂ ಕವಿತೆಗಳ ಅನುವಾದದಲ್ಲಿ ಅತಿಯಮಾನ್ ನೆಡುಮಾನ್ ಅಂಜಿಯನ್ನು ಕುರಿತು ಔವೈಯಾರ್ ಹಾಡಿದ ಪದ್ಯಗಳೂ ಇವೆ. ಆ ಅತಿಯಮಾನನ ರಾಜಧಾನಿ ತಗಡೂರು, ಅಂದರೆ ಇಂದಿನ ಧರ್ಮಪುರಿ.